ನನ್ನದೂ ನಿಮ್ಮದೂ ಆದ ಬಲಿ: ಕ್ರೈಸ್ತರ ಬಲಿಪೂಜೆಯಲ್ಲಿ ನಡೆಯುವುದೇನು?

ಕಾರವಾರದ ಕೆಥೆಡ್ರಲ್ ಆಗಲಿ, ಶಿರಸಿಯ ಸಂತ ಅಂತೋನಿ ಚರ್ಚ್ ಆಗಲಿ, ಭಾನುವಾರದ ಪೂಜೆಯಲ್ಲಿ ಕಾಣಿಕೆ ಎತ್ತಿ ಮುಗಿದ ಮೇಲೆ ಗುರುಗಳು ಕೈ ಚಾಚಿ ಜನರಿಗೆ ಒಂದು ಮಾತು ಹೇಳುತ್ತಾರೆ. ನನ್ನದೂ ನಿಮ್ಮದೂ ಆದ ಈ ಬಲಿಯನ್ನು ತಂದೆಯಾದ ದೇವರು ಮೆಚ್ಚಿಕೊಳ್ಳುವಂತೆ ಪ್ರಾರ್ಥಿಸಿ ಎಂಬುದು ಅದರ ತಾತ್ಪರ್ಯ. ಜನ ಎದ್ದು ನಿಂತು ಉತ್ತರ ಕೊಡುತ್ತಾರೆ. ಹೆಚ್ಚಿನವರಿಗೆ ಅದು ಬಾಯಿಪಾಠ. ಆದರೆ ಬಲಿಪೂಜೆಯ ಕೀಲು ಇರುವುದೇ ಇಲ್ಲಿ. ಬಲಿ ಗುರುಗಳದ್ದು ಮಾತ್ರವಾಗಿದ್ದರೆ ಬೆಂಚಿನಲ್ಲಿ ಕೂತವರು ಬರೀ ನೋಡಲು ಬಂದವರು. 'ನಿಮ್ಮದೂ' ಎಂದಾಗ, ನೀವು ತಂದದ್ದೇನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಕ್ರೈಸ್ತೇತರ ನೆರೆಯವರಿಗೆ ಇದು ಇನ್ನೂ ಗೊಂದಲ. ಬಲಿ ಎಂದರೆ ಕೋಳಿ, ಕುರಿ, ಕೋಣ ನೆನಪಾಗುತ್ತವೆ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಕೋಣ ಕಡಿಯುವುದು ನಿಂತು ದಶಕಗಳೇ ಕಳೆದವು, ಆದರೂ ನೆನಪು ಹೋಗಿಲ್ಲ. ಚರ್ಚಿನಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಇಡುವುದನ್ನು ಕಂಡವರು, ಪ್ರಾಣಿಯ ಬದಲು ಕುಂಬಳಕಾಯಿ ಒಡೆದ ಹಾಗೆ ಇದೂ ಒಂದು ಬದಲಿ ವ್ಯವಸ್ಥೆ ಇರಬೇಕು ಎಂದುಕೊಳ್ಳುತ್ತಾರೆ. ಅದಲ್ಲ. ಏಕಲ್ಲ ಎಂದು ತಿಳಿಯಲು ಯೆಹೂದ್ಯರ ಹಳೆಯ ಬಲಿಪದ್ಧತಿಯಿಂದಲೇ ಹೊರಡಬೇಕು.

ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳು

ಬೈಬಲ್ಲನ್ನು ಮೊದಲಿನಿಂದ ಓದಲು ಹೊರಟವರು ಸಾಮಾನ್ಯವಾಗಿ ಕೈಬಿಡುವುದು ಇಲ್ಲೇ. ಕೊಬ್ಬು, ಮೂತ್ರಪಿಂಡ, ರಕ್ತ ಚಿಮುಕಿಸುವುದು ಎಂದು ಬೇಸರ ಬರುತ್ತದೆ. ತಾಳ್ಮೆಯಿಂದ ಓದಿದರೆ ಐದು ಬಗೆಯ ಅರ್ಪಣೆಗಳು ಸಿಗುತ್ತವೆ. ಒಂದೊಂದರ ತರ್ಕವೂ ಬೇರೆ.

ದಹನಬಲಿಯಲ್ಲಿ ಪ್ರಾಣಿ ಪೂರ್ತಿ ಬೆಂಕಿಗೆ. ತಂದವನಿಗೆ ಒಂದು ತುಂಡೂ ಇಲ್ಲ, ಯಾಜಕನಿಗೆ ಚರ್ಮ ಮಾತ್ರ. ಇಲ್ಲಿ ಗಮನಿಸಬೇಕಾದ ಕ್ರಮ ಒಂದಿದೆ. ಪ್ರಾಣಿಯ ತಲೆಯ ಮೇಲೆ ಕೈ ಊರುವವನೂ, ಅದನ್ನು ಕೊಯ್ಯುವವನೂ ತಂದ ಮನುಷ್ಯನೇ. ಯಾಜಕನ ಕೆಲಸ ರಕ್ತವನ್ನು ಬಲಿಪೀಠಕ್ಕೆ ಮುಟ್ಟಿಸುವಲ್ಲಿಂದ ಶುರು. ದುಡ್ಡು ಕೊಟ್ಟು 'ನೀವೇ ಮಾಡಿಸಿಬಿಡಿ' ಎಂದು ಮನೆಗೆ ಹೋಗುವ ದಾರಿ ಅಲ್ಲಿರಲಿಲ್ಲ.

ಧಾನ್ಯನೈವೇದ್ಯಕ್ಕೆ ನಯವಾದ ಹಿಟ್ಟು, ಎಣ್ಣೆ, ಧೂಪ ಬೇಕು. ಉಪ್ಪು ಕಡ್ಡಾಯ. ಹುಳಿಹಿಟ್ಟನ್ನೂ ಜೇನನ್ನೂ ಬೆಂಕಿಗೆ ಹಾಕುವಂತಿಲ್ಲ. ಒಂದು ಹಿಡಿ ಬಲಿಪೀಠದ ಬೆಂಕಿಗೆ, ಉಳಿದದ್ದು ಯಾಜಕರ ಊಟಕ್ಕೆ. ಸಮಾಧಾನದ ಬಲಿಯಲ್ಲಿ ಕೊಬ್ಬು ದೇವರಿಗೆ, ಎದೆಯ ಭಾಗ ಮತ್ತು ಬಲತೊಡೆ ಯಾಜಕರಿಗೆ, ಉಳಿದ ಮಾಂಸ ತಂದವನ ಮನೆಯವರಿಗೆ. ಅದು ಉಪಕಾರ ಸ್ಮರಣೆಯ ಬಲಿಯಾಗಿದ್ದರೆ ಅದೇ ದಿನ ತಿಂದು ಮುಗಿಸಬೇಕು, ಬೆಳಗಿಗೆ ಉಳಿಸುವಂತಿಲ್ಲ. ಹರಕೆಯದ್ದಾದರೆ ಮರುದಿನದವರೆಗೆ ಅವಕಾಶ, ಮೂರನೇ ದಿನಕ್ಕೆ ಉಳಿದದ್ದನ್ನು ಸುಡಬೇಕು. ಒಂದು ಹೋರಿಯ ಮಾಂಸವನ್ನು ಒಂದು ಮನೆಯವರು ಒಂದೇ ದಿನದಲ್ಲಿ ಮುಗಿಸಲಾರರು, ನೆರೆಯವರನ್ನು ಕರೆಯಲೇಬೇಕು. ದೇವರಿಗೆ ಅರ್ಪಿಸಿದ್ದು ಹೀಗೆ ಹಂಚಿ ಉಣ್ಣುವ ಊಟವಾಗುತ್ತಿತ್ತು. ಬಲಿ ಎಂದರೆ ಊಟವೂ ಹೌದು ಎಂಬ ಈ ಸಂಗತಿ ಮುಂದೆ ಬಹಳ ಮುಖ್ಯವಾಗುತ್ತದೆ.

ದೋಷಪರಿಹಾರಕ ಬಲಿ ತಿಳಿಯದೆ ಮಾಡಿದ ತಪ್ಪಿಗೆ. ಕುರಿ ತರಲಾಗದವನು ಎರಡು ಬೆಳವಕ್ಕಿ ಅಥವಾ ಪಾರಿವಾಳದ ಮರಿ ತರಬಹುದು, ಅದೂ ಆಗದಿದ್ದರೆ ಒಂದು ಏಫಾದ (ಆ ಕಾಲದ ಧಾನ್ಯದ ಅಳತೆ) ಹತ್ತನೇ ಒಂದು ಪಾಲು ಹಿಟ್ಟು ಸಾಕು. ರಕ್ತವೇ ಇಲ್ಲದ ಬಲಿಯನ್ನೂ ಹಳೆಯ ನಿಯಮ ಒಪ್ಪುತ್ತಿತ್ತು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಹೆರಿಗೆಯ ನಂತರದ ಶುದ್ಧೀಕರಣಕ್ಕೂ ಬಡವರಿಗೆ ಇಂಥದ್ದೇ ರಿಯಾಯಿತಿ ಇತ್ತು. ಮಗು ಯೇಸುವನ್ನು ದೇವಾಲಯಕ್ಕೆ ಕರೆತಂದಾಗ ಮರಿಯ ಮತ್ತು ಜೋಸೆಫರು ಕೊಟ್ಟದ್ದು ಬಡವರ ಈ ಜೋಡಿ ಹಕ್ಕಿಯನ್ನೇ ಎಂದು ಲೂಕನ ಸುವಾರ್ತೆಯಿಂದ ತಿಳಿಯುತ್ತದೆ.

ಐದನೆಯದು ಪ್ರಾಯಶ್ಚಿತ್ತ ಬಲಿ. ನೆರೆಯವನಿಗೆ ಮೋಸ ಮಾಡಿದ್ದರೆ, ಇಟ್ಟ ಒಡವೆ ಕೊಡದಿದ್ದರೆ, ಸಿಕ್ಕ ವಸ್ತು ಮುಚ್ಚಿಟ್ಟಿದ್ದರೆ ಟಗರು ತಂದು ಕೊಯ್ದು ಕೈತೊಳೆದುಕೊಳ್ಳುವಂತಿಲ್ಲ. ಮೂಲಧನವನ್ನು ಪೂರ್ತಿಯಾಗಿ, ಅದರ ಮೇಲೆ ಐದನೇ ಒಂದು ಪಾಲು ಸೇರಿಸಿ, ಕಳೆದುಕೊಂಡವನಿಗೆ ಕೊಡಬೇಕು. 10,000 ರೂಪಾಯಿ ನುಂಗಿದ್ದರೆ 12,000. ಆಮೇಲೆ ಟಗರು. ಅಡಿಕೆ ವ್ಯಾಪಾರದ ತೂಕದಲ್ಲಾಗಲಿ, ಬೋಟಿನ ಲೆಕ್ಕದಲ್ಲಾಗಲಿ, ಅಣ್ಣತಮ್ಮಂದಿರ ಹಿಸ್ಸೆಯಲ್ಲಾಗಲಿ ಕೈ ಮಾಡಿದವರು ಚರ್ಚಿಗೆ ದೊಡ್ಡ ಕಾಣಿಕೆ ಕೊಟ್ಟು ಸಮಾಧಾನಪಡುವುದನ್ನು ಈ ಪುಟ್ಟ ನಿಯಮ ಬುಡಸಮೇತ ಅಲ್ಲಗಳೆಯುತ್ತದೆ. ಸುವಾರ್ತೆಯಲ್ಲಿ ಯೇಸು ಹೇಳುವುದೂ ಇದೇ ಧಾಟಿಯಲ್ಲಿ. ಕಾಣಿಕೆ ಹಿಡಿದು ಬಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗಿ, ರಾಜಿ ಮಾಡಿಕೊಂಡು ಬಂದು ಅರ್ಪಿಸಲಿ (ಮತ್ತಾಯ 5:23-24).

ಪ್ರವಾದಿಗಳು ಬಲಿಯನ್ನು ಬೈದದ್ದು ಈ ಭಾಗ ಮರೆತಾಗ. ನಿಮ್ಮ ಉತ್ಸವಗಳನ್ನು ದ್ವೇಷಿಸುತ್ತೇನೆ, ನ್ಯಾಯ ನೀರಿನಂತೆ ಹರಿಯಲಿ ಎಂದು ದೇವರು ಹೇಳುತ್ತಾನೆಂದ ಆಮೋಸ. ಬಲಿಗಿಂತ ದಯೆ ಬೇಕು ಎಂಬ ಹೋಶೇಯನ ಮಾತನ್ನು ಯೇಸು ಎರಡು ಸಲ ಎತ್ತಿ ಆಡುತ್ತಾರೆ. ಮಲಾಕಿಯನ ಸಿಟ್ಟು ಬೇರೆ ಬಗೆಯದು. ಕುಂಟು ಕುರುಡು ಪ್ರಾಣಿ ತಂದು ಕಟ್ಟುತ್ತೀರಲ್ಲ, ಇದನ್ನು ನಿಮ್ಮ ಅಧಿಪತಿಗೆ ಕೊಟ್ಟು ನೋಡಿ ಎಂದು ಅವನು ಕೇಳುತ್ತಾನೆ.

ಒಮ್ಮೆ ನಡೆದದ್ದು, ಪ್ರತಿ ಭಾನುವಾರ ಹೇಗೆ?

ಕ್ರೈಸ್ತರು ಪ್ರಾಣಿಬಲಿ ಬಿಟ್ಟದ್ದು ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದರೆಂಬ ಕಾರಣಕ್ಕಲ್ಲ. ಶಿಲುಬೆಯ ಮೇಲೆ ಯೇಸು ತನ್ನನ್ನೇ ಅರ್ಪಿಸಿಕೊಂಡದ್ದರಿಂದ ಹಿಂದಿನ ಎಲ್ಲ ಬಲಿಗಳ ಉದ್ದೇಶ ಈಡೇರಿತು ಎಂಬುದು ಅವರ ನಂಬಿಕೆ. ಹಿಬ್ರಿಯರಿಗೆ ಬರೆದ ಪತ್ರ ಇದನ್ನು ಪಟ್ಟು ಹಿಡಿದು ವಾದಿಸುತ್ತದೆ. ಹಳೆಯ ಯಾಜಕರು ದಿನಾ ನಿಂತುಕೊಂಡು ಅದದೇ ಬಲಿ ಕೊಡುತ್ತಿದ್ದರು, ಕ್ರಿಸ್ತನಾದರೋ ಒಂದೇ ಬಲಿ ಕೊಟ್ಟು ದೇವರ ಬಲಗಡೆ ಕುಳಿತುಕೊಂಡ. ಕುಳಿತದ್ದೆಂದರೆ ಕೆಲಸ ಮುಗಿಯಿತು.

ಹಾಗಾದರೆ ಪ್ರತಿ ಭಾನುವಾರ ನಡೆಯುವುದೇನು? ಸುಧಾರಣಾವಾದಿಗಳು 16ನೇ ಶತಮಾನದಲ್ಲಿ ಕೇಳಿದ್ದು ಇದನ್ನೇ. ಇಂದಿಗೂ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಿನವು ಪ್ರಭುಭೋಜನವನ್ನು ಬಲಿ ಎಂದು ಕರೆಯುವುದಿಲ್ಲ. ಅವರಿಗೆ ಅದು ಸ್ಮರಣೆ ಮತ್ತು ಸಹಭಾಗಿತ್ವ. ಕಥೋಲಿಕ ಧರ್ಮಸಭೆಯ ಉತ್ತರ 1562ರ ಸೆಪ್ಟೆಂಬರ್ 17ರಂದು ತ್ರೆಂತ್ ಮಹಾಸಭೆಯಲ್ಲಿ ಸಿಕ್ಕಿತು. ಬಲಿಯಾಗುವವನು ಅದೇ ಕ್ರಿಸ್ತ, ಅರ್ಪಿಸುವವನೂ ಅವನೇ, ಈಗ ಗುರುಗಳ ಕೈಯಿಂದ. ಬೇರೆಯಾದದ್ದು ಅರ್ಪಿಸುವ ರೀತಿ ಮಾತ್ರ, ಅಲ್ಲಿ ರಕ್ತ ಹರಿಯಿತು, ಇಲ್ಲಿ ಹರಿಯುವುದಿಲ್ಲ. ಅಂದರೆ ಕ್ರಿಸ್ತನನ್ನು ಮತ್ತೆ ಮತ್ತೆ ಕೊಲ್ಲುವ ಮಾತೇ ಇಲ್ಲ. ಅಘನಾಶಿನಿಯಿಂದ ದಿನಾ ಒಂದು ಕೊಡ ತುಂಬಿಕೊಂಡರೆ ದಿನಾ ಒಂದು ಹೊಸ ನದಿ ಹುಟ್ಟುವುದಿಲ್ಲವಲ್ಲ, ಹಾಗೆ ಒಂದೇ ಬಲಿ, ಅದರೊಳಗೆ ಸೇರಿಕೊಳ್ಳುವ ಸಂದರ್ಭಗಳು ಹಲವು.

ರೊಟ್ಟಿ ಪ್ರಾಣಿಗೆ ಬದಲಿಯಲ್ಲ ಎಂದದ್ದು ಇದಕ್ಕೇ. ಕುಂಬಳಕಾಯಿ ಕುರಿಯ ಜಾಗದಲ್ಲಿ ನಿಲ್ಲುತ್ತದೆ. ಬಲಿಪೂಜೆಯ ರೊಟ್ಟಿ ಯಾವುದರ ಜಾಗದಲ್ಲೂ ನಿಲ್ಲುವುದಿಲ್ಲ, ತನ್ನನ್ನು ಕೊಟ್ಟವನೇ ಅದರ ರೂಪದಲ್ಲಿ ಊಟವಾಗಿ ಬರುತ್ತಾನೆ ಎಂಬುದು ಕಥೋಲಿಕರ ವಿಶ್ವಾಸ. ಹಳೆಯ ಸಮಾಧಾನದ ಬಲಿಯ ಊಟ ಇಲ್ಲಿ ಪೂರ್ತಿಯಾಗುತ್ತದೆ.

ರೊಟ್ಟಿ, ದ್ರಾಕ್ಷಾರಸ, ಒಂದೆರಡು ಹನಿ ನೀರು

ಈಗ ಪೂಜೆಯ ಆ ಭಾಗವನ್ನೇ ನೋಡೋಣ. ವಾಚನ, ಪ್ರಬೋಧನೆ, ವಿಶ್ವಾಸಿಗಳ ಪ್ರಾರ್ಥನೆ ಮುಗಿಯುತ್ತದೆ. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಜನರ ನಡುವಿನಿಂದ ಮೆರವಣಿಗೆಯಲ್ಲಿ ತರುತ್ತಾರೆ. ಜೊತೆಗೆ ಹಣದ ಕಾಣಿಕೆ. ಸುಮಾರು ಕ್ರಿ.ಶ. 155ರಲ್ಲಿ ಸಂತ ಜಸ್ಟಿನ್ ರೋಮಿನಲ್ಲಿ ಬರೆದ ವಿವರಣೆಯಲ್ಲೂ ಇದೇ ಚೌಕಟ್ಟಿದೆ. ಭಾನುವಾರ ಸೇರುವುದು, ವಾಚನ, ಪ್ರಾರ್ಥನೆ, ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ, ಅನಾಥರಿಗೂ ವಿಧವೆಯರಿಗೂ ಸೆರೆಯಲ್ಲಿದ್ದವರಿಗೂ ಸಂಗ್ರಹ.

ಗುರುಗಳು ತಟ್ಟೆ ಎತ್ತಿ ಹೇಳುವ ಪ್ರಾರ್ಥನೆಯಲ್ಲಿ ಈ ರೊಟ್ಟಿ ಭೂಮಿಯ ಫಲ, ಮಾನವನ ದುಡಿಮೆಯ ಫಲ ಎಂಬ ಮಾತಿದೆ. ಗೋದಿಯನ್ನೋ ದ್ರಾಕ್ಷಿಯನ್ನೋ ಹಾಗೇ ತಂದು ಇಡುವುದಿಲ್ಲ. ಬೀಸಿ, ಕಲಸಿ, ಸುಟ್ಟು, ಹಿಂಡಿ ಮನುಷ್ಯರ ಕೈ ದಾಟಿದ್ದನ್ನೇ ಇಡುವುದು. ವಾರದ ಕೆಲಸ ಬಲಿಪೀಠಕ್ಕೆ ಬರುವ ಬಾಗಿಲು ಇದು. ಆಮೇಲೆ ಪಾನಪಾತ್ರೆಯ ದ್ರಾಕ್ಷಾರಸಕ್ಕೆ ಒಂದೆರಡು ಹನಿ ನೀರು ಹಾಕಿ, ಕ್ರಿಸ್ತನ ದೈವತ್ವದಲ್ಲಿ ನಾವೂ ಪಾಲುಗೊಳ್ಳುವಂತಾಗಲಿ ಎಂದು ಗುರುಗಳು ಮೆಲ್ಲನೆ ಹೇಳುತ್ತಾರೆ. ಆ ನೀರು ನಾವು. ಬೆರೆತ ಮೇಲೆ ಬೇರ್ಪಡಿಸಲಾಗದು. ಪ್ರಮಾಣವೂ ಅರ್ಥಪೂರ್ಣವೇ. ಹನಿಗಳಷ್ಟೇ ಹಾಕಬೇಕು. ನೀರೇ ಹೆಚ್ಚಾದರೆ ಅದು ದ್ರಾಕ್ಷಾರಸವಾಗಿ ಉಳಿಯದೆ ಪೂಜೆಯೇ ಅಸಿಂಧುವಾಗುತ್ತದೆ.

ಅನ್ನ ತಿನ್ನುವ ಊರಿನಲ್ಲಿ ಅಕ್ಕಿರೊಟ್ಟಿ ಏಕಾಗದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. 1983ರ ಧರ್ಮಸಭೆಯ ಕಾನೂನಿನ 924ನೇ ವಿಧಿ ಬರೀ ಗೋದಿಯ, ಇತ್ತೀಚೆಗೆ ಮಾಡಿದ ರೊಟ್ಟಿಯನ್ನು, ದ್ರಾಕ್ಷಿಯಿಂದಲೇ ಆದ ಕೆಡದ ರಸವನ್ನು ಕೇಳುತ್ತದೆ. ಯೇಸು ಆ ರಾತ್ರಿ ಬಳಸಿದ್ದನ್ನು ಬದಲಿಸುವ ಅಧಿಕಾರ ತನಗಿಲ್ಲ ಎಂಬುದು ಧರ್ಮಸಭೆಯ ನಿಲುವು. ಗೋದಿಯ ಅಂಟು ಅಂಶ ಆಗದ ಕಾಯಿಲೆ ಇರುವವರಿಗೆ ಅದು ಕಡಿಮೆ ಇರುವ ರೊಟ್ಟಿಗೆ ಅನುಮತಿ ಇದೆ, ಪೂರ್ತಿ ತೆಗೆದ ರೊಟ್ಟಿಗಿಲ್ಲ. ಅಂಥವರು ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಬಹುದು. ಮೊದಲೇ ಗುರುಗಳಿಗೆ ತಿಳಿಸಿದ್ದರೆ ವ್ಯವಸ್ಥೆ ಸುಲಭ.

ನಮ್ಮೂರ ಅಕ್ಕಿಗೆ ಜಾಗವೇ ಇಲ್ಲವೆಂದಲ್ಲ. ಸೆಪ್ಟೆಂಬರ್ 8ರಂದು ಮರಿಯ ಮಾತೆಯ ಜನ್ಮದಿನಕ್ಕೆ ಕರಾವಳಿಯಲ್ಲಿ ಹೊಸ ತೆನೆ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಮನೆಯವರೆಲ್ಲ ಕೂಡಿ ಹೊಸತು ಉಣ್ಣುತ್ತಾರೆ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದ ಪ್ರಥಮಫಲದ ಬುಟ್ಟಿ ಇದರ ಹಿರಿಯಕ್ಕ. ಬುಟ್ಟಿಯನ್ನು ಬಲಿಪೀಠದ ಮುಂದೆ ಇಟ್ಟವನು, ತನ್ನ ಪೂರ್ವಜ ನೆಲೆಯಿಲ್ಲದ ಅಲೆಮಾರಿಯಾಗಿದ್ದ ಎಂದು ಬಾಯಿಬಿಟ್ಟು ಹೇಳಿ, ನಡುವೆ ಇರುವ ಪರದೇಶಿಯ ಜೊತೆಗೂಡಿ ಸಂತೋಷಪಡಬೇಕಿತ್ತು. ತೆನೆ ಹಬ್ಬದ ಊಟಕ್ಕೆ ಗದ್ದೆ ಕೊಯ್ದ ಕೂಲಿಯಾಳನ್ನು ಕರೆಯುವ ಮನೆ ಈ ಅಧ್ಯಾಯವನ್ನು ಓದದೆಯೇ ಪಾಲಿಸಿದಂತೆ.

ಒಸ್ತಿ, ಅಂದರೆ ಪೂಜೆಗೆ ಬಳಸುವ ತೆಳು ರೊಟ್ಟಿ, ಮಾಡುವ ಕೆಲಸ ಸರಳ ಕಂಡರೂ ನಾಜೂಕಿನದು. ಗೋದಿಹಿಟ್ಟು, ನೀರು ಬಿಟ್ಟರೆ ಬೇರೇನಿಲ್ಲ. ಉಪ್ಪಿಲ್ಲ, ಎಣ್ಣೆಯಿಲ್ಲ, ಹುಳಿಯಿಲ್ಲ. ತೆಳ್ಳಗೆ ಕಲಸಿ, ಕಾದ ಎರಡು ಕಬ್ಬಿಣದ ಫಲಕಗಳ ನಡುವೆ ಒತ್ತಿ ಹಾಳೆ ಮಾಡುತ್ತಾರೆ. ಕೂಡಲೇ ಕತ್ತರಿಸಿದರೆ ಪುಡಿಯಾಗುತ್ತದೆ. ಸ್ವಲ್ಪ ತೇವ ಹಿಡಿಸಿ ಮೆತ್ತಗಾದ ಮೇಲೆ ದುಂಡಗೆ ಕತ್ತರಿಸಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಹವೆಗೆ ಒಸ್ತಿ ನೀರು ಕುಡಿದು ಬಾಗುತ್ತದೆ, ಆಮೇಲೆ ಬೂಸ್ಟು ಬರುತ್ತದೆ. ಗಾಳಿಯಾಡದ ಡಬ್ಬ ಬೇಕು, ಒಂದೇ ಸಲ ಹೆಚ್ಚು ತರಿಸಬಾರದು, ಪ್ರಸಾದ ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಮಳೆಗಾಲದಲ್ಲಿ ಬೇಗ ಬೇಗ ಬದಲಿಸಬೇಕು. ಆಶೀರ್ವದಿಸಿದ ಒಸ್ತಿ ಕೆಟ್ಟರೆ ಕಸಕ್ಕೆ ಹಾಕುವಂತಿಲ್ಲ, ನೀರಿನಲ್ಲಿ ಪೂರ್ತಿ ಕರಗಿಸಿ ಆ ನೀರನ್ನು ನೇರ ಮಣ್ಣಿಗೆ ಬಿಡುತ್ತಾರೆ. ರೊಟ್ಟಿಯ ರೂಪ ಹೋದಲ್ಲಿ ಕ್ರಿಸ್ತನ ಸಾನ್ನಿಧ್ಯವೂ ಉಳಿಯುವುದಿಲ್ಲ ಎಂಬುದು ಬೋಧನೆ, ಆದರೂ ಗೌರವ ಬಿಡುವುದಿಲ್ಲ. ತೆರೆದ ಬಾಟಲಿಯ ದ್ರಾಕ್ಷಾರಸ ಹುಳಿಯಾಗಿ ವಿನೆಗರ್ ಆದರೆ ಅದೂ ನಡೆಯದು.

ಮೆರವಣಿಗೆಯ ಬಗ್ಗೆ ಒಂದು ಮಾತು. ಕ್ರಿಕೆಟ್ ಬ್ಯಾಟು, ಪುಸ್ತಕ, ಬಲೆ, ಲ್ಯಾಪ್‌ಟಾಪ್ ಹಿಡಿದು ಸಾಲಾಗಿ ಹೋಗುವ ರೂಢಿ ಹಬ್ಬಿದೆ, ಒಂದೊಂದಕ್ಕೂ ಮೈಕಿನಲ್ಲಿ ವ್ಯಾಖ್ಯಾನ ಬೇರೆ. ಪೂಜೆ ಮುಗಿದ ಕೂಡಲೇ ಎಲ್ಲವೂ ಒಡೆಯರ ಮನೆಗೆ ವಾಪಸ್. ವಾಪಸ್ ಪಡೆಯುವುದನ್ನು ಅರ್ಪಣೆ ಎನ್ನುವುದು ಕಷ್ಟ. ರೊಟ್ಟಿ, ದ್ರಾಕ್ಷಾರಸ, ಹಣ, ಬಡವರಿಗೆ ಹಂಚಲು ಅಕ್ಕಿ-ಬೇಳೆ, ಇಷ್ಟೇ ಇದ್ದರೆ ಅರ್ಥ ತಾನೇ ಮಾತಾಡುತ್ತದೆ.

ಪ್ರಧಾನ ಪ್ರಾರ್ಥನೆಯಲ್ಲಿ ಗುರುಗಳು ಕಾಣಿಕೆಗಳ ಮೇಲೆ ಕೈ ಚಾಚಿ ಪವಿತ್ರಾತ್ಮರನ್ನು ಆಹ್ವಾನಿಸುತ್ತಾರೆ, ಕಡೆಯ ಭೋಜನದ ಮಾತುಗಳನ್ನು ಹೇಳುತ್ತಾರೆ. ಆಮೇಲೆ ಪವಿತ್ರಾತ್ಮರನ್ನು ಮತ್ತೊಮ್ಮೆ ಬೇಡುವುದು ಜನರಿಗಾಗಿ, ಇದನ್ನು ಸ್ವೀಕರಿಸುವ ನಾವೆಲ್ಲ ಒಂದೇ ದೇಹವಾಗಲಿ ಎಂದು. ರೊಟ್ಟಿ ಬದಲಾಗುವುದನ್ನು ಕಣ್ಣರಳಿಸಿ ನೋಡುವ ನಾವು, ನಮ್ಮ ಬದಲಾವಣೆಗಾಗಿ ಮಾಡುವ ಈ ಬೇಡಿಕೆಯ ಹೊತ್ತಿಗೆ ಗಡಿಯಾರ ನೋಡುತ್ತಿರುತ್ತೇವೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಇಲ್ಲದವರು ಹಸಿದು ಕೂತದ್ದನ್ನು ಕೇಳಿದ ಸಂತ ಪೌಲ, ನೀವು ಮಾಡುತ್ತಿರುವುದು ಪ್ರಭುಭೋಜನವೇ ಅಲ್ಲ ಎಂದು ಬರೆದ. ಆ ಪೂಜೆ ಕೆಟ್ಟದ್ದು ಜನ ಒಬ್ಬರನ್ನೊಬ್ಬರು ನಡೆಸಿಕೊಂಡ ರೀತಿಯಿಂದ.

ಪರಮಪ್ರಸಾದಕ್ಕೆ, ಅಂದರೆ ಆಶೀರ್ವದಿಸಿದ ಒಸ್ತಿ ಸ್ವೀಕರಿಸಲು, ಒಂದು ಗಂಟೆ ಮೊದಲಿನಿಂದ ಉಪವಾಸವಿರಬೇಕು, ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ. ಘೋರಪಾಪದ ಅರಿವಿದ್ದವರು ಮೊದಲು ಪಾಪನಿವೇದನೆ ಮಾಡಬೇಕು. ಮದುವೆ, ಮರಣದ ಪೂಜೆಗಳಲ್ಲಿ ಹಿಂದೂ ನೆರೆಯವರು ದೇವಸ್ಥಾನದ ರೂಢಿಯಂತೆ ಸಾಲಿಗೆ ಬರುವುದುಂಟು. ಕ್ರೈಸ್ತರಲ್ಲದವರಿಗೆ ಅದನ್ನು ಕೊಡುವ ಪದ್ಧತಿಯಿಲ್ಲ. ಸಾಲಿನಲ್ಲಿ ಮುಜುಗರ ಆಗುವುದಕ್ಕಿಂತ ಪೂಜೆಯ ಮೊದಲೇ ಮನೆಯವರು ಮೆಲ್ಲಗೆ ತಿಳಿಸಿಡುವುದು ಒಳ್ಳೆಯದು.

ಪೂಜೆ ಹೇಳಿಸುವುದು

ತೀರಿಕೊಂಡ ಅಪ್ಪನಿಗೆ, ಮಗಳ ಪರೀಕ್ಷೆಗೆ, ಹೊಸ ಬೋಟಿಗೆ ಎಂದು ಜನ ಪೂಜೆ ಹೇಳಿಸುತ್ತಾರೆ, ಕಾಣಿಕೆ ಕೊಡುತ್ತಾರೆ. ಅದು ಪೂಜೆಯ ಬೆಲೆಯಲ್ಲ. ವ್ಯಾಪಾರದ ನೆರಳೂ ಬೀಳಬಾರದು ಎಂದು 947ನೇ ವಿಧಿ ಹೇಳುತ್ತದೆ. ಮೊತ್ತವನ್ನು ಧರ್ಮಾಧ್ಯಕ್ಷರುಗಳು ಕೂಡಿ ನಿಗದಿ ಮಾಡುತ್ತಾರೆ. ಕೊಡಲಾಗದ ಬಡವರ ಕೋರಿಕೆಗೂ ಪೂಜೆ ಅರ್ಪಿಸಬೇಕೆಂದು ಗುರುಗಳಿಗೆ ಶಿಫಾರಸಿದೆ. ಒಬ್ಬ ಗುರು ದಿನಕ್ಕೆ ಎರಡು ಮೂರು ಪೂಜೆ ಮಾಡಿದರೂ ಒಂದರ ಕಾಣಿಕೆ ಮಾತ್ರ ಇಟ್ಟುಕೊಳ್ಳಬಹುದು, ಕ್ರಿಸ್ಮಸ್ ಒಂದೇ ಅಪವಾದ. ಹಲವರ ಕೋರಿಕೆ ಒಂದೇ ಪೂಜೆಯಲ್ಲಿ ಸೇರಿಸುವುದಾದರೆ ಕೊಟ್ಟವರಿಗೆ ಗೊತ್ತಿದ್ದು ಒಪ್ಪಿರಬೇಕು. 1991ರ ಆಜ್ಞೆಯಲ್ಲಿ ವಾರಕ್ಕೆ ಎರಡು ದಿನದ ಮಿತಿಯೂ ಇತ್ತು, 2025ರಲ್ಲಿ ಹೊಸ ಆಜ್ಞೆ ಬಂತು. ಭಾನುವಾರದ ಒಂದು ಪೂಜೆಯನ್ನು ವಿಚಾರಣಾ ಗುರುಗಳು ಇಡೀ ಧರ್ಮಕೇಂದ್ರದ ಜನರಿಗಾಗಿಯೇ ಅರ್ಪಿಸಬೇಕು, ಯಾರ ಕಾಣಿಕೆಯೂ ಇಲ್ಲದೆ. ಅನ್ಯಧರ್ಮೀಯ ನೆರೆಯವರಿಗಾಗಿಯೂ ಪೂಜೆ ಹೇಳಿಸಬಹುದು, ಜೀವಂತ ಇರಲಿ ತೀರಿಕೊಂಡಿರಲಿ. ಎಲ್ಲ ಧರ್ಮದವರೂ ಹರಕೆ ಹೊತ್ತು ಬರುವ ಚಂದಾವರದಂಥ ಊರುಗಳಿರುವ ಜಿಲ್ಲೆಯಲ್ಲಿ ಇದು ತಿಳಿದಿರಬೇಕಾದ ವಿಷಯ.

ಹೆಚ್ಚು ಕೊಟ್ಟರೆ ಹೆಚ್ಚು ಫಲ ಎಂಬ ಲೆಕ್ಕ ಇಲ್ಲಿ ಓಡುವುದಿಲ್ಲ. ಕೊಟ್ಟು ಮನೆಯಲ್ಲಿ ಕೂರುವುದಕ್ಕಿಂತ ಆ ಪೂಜೆಗೆ ಬಂದು ಕೂರುವುದು ಮೇಲು.

ಚರ್ಚಿನ ಹೊರಗೆ

ನಿಮ್ಮ ದೇಹಗಳನ್ನೇ ಸಜೀವ ಬಲಿಯಾಗಿ ಅರ್ಪಿಸಿರಿ ಎಂದು ಪೌಲ ರೋಮಿನವರಿಗೆ ಬರೆದ (12:1). ಫಿಲಿಪ್ಪಿಯವರು ಅವನ ಕಷ್ಟಕಾಲಕ್ಕೆ ಕಳಿಸಿದ ನೆರವನ್ನು ಸುಗಂಧಭರಿತ ಬಲಿ ಎಂದ. ಕಥೋಲಿಕರೂ ಪ್ರೊಟೆಸ್ಟೆಂಟರೂ ಇಲ್ಲಿ ಜಗಳವಿಲ್ಲದೆ ಒಂದಾಗುತ್ತಾರೆ. ಪೆಂಟೆಕೋಸ್ಟಲ್ ಸಭೆಗಳಲ್ಲಿ 'ಸ್ತೋತ್ರಯಜ್ಞ' ಎಂದು ಕೈಯೆತ್ತಿ ಹಾಡುವುದು ಹಿಬ್ರಿಯ 13:15ರ ಮೇಲೆ ನಿಂತದ್ದು. ಅದರ ಮುಂದಿನ ವಚನ, ಪರೋಪಕಾರ ಮಾಡುವುದನ್ನೂ ಹಂಚಿಕೊಳ್ಳುವುದನ್ನೂ ಮರೆಯಬೇಡಿ ಎಂಬುದು, ಹಾಡಿನಷ್ಟು ಜನಪ್ರಿಯವಲ್ಲ. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನಸಾಮಾನ್ಯರು ಅರ್ಪಿಸಬಹುದಾದದ್ದನ್ನು ಹೆಸರಿಸಿತು. ಪ್ರಾರ್ಥನೆ, ಸಂಸಾರ, ದಿನದ ದುಡಿಮೆ, ತಾಳ್ಮೆಯಿಂದ ಸಹಿಸಿದ ಕಷ್ಟ, ಮೈಮನಸ್ಸಿನ ವಿಶ್ರಾಂತಿ ಕೂಡ. ಬಲಿ ಎಂದರೆ ನೋವೇ ಆಗಬೇಕಿಲ್ಲ.

ಇದನ್ನು ಕೈಗೆ ಸಿಗುವ ಹಾಗೆ ಮಾಡಲು ಹಳೆಯ ರೂಢಿ ಎರಡಿವೆ. ಬೆಳಿಗ್ಗೆ ಎದ್ದ ಕೂಡಲೇ ಆ ದಿನದ ಕೆಲಸವನ್ನು ಹೆಸರಿಟ್ಟು ಅರ್ಪಿಸುವುದು ಒಂದು. 'ಎಲ್ಲವನ್ನೂ ಅರ್ಪಿಸುತ್ತೇನೆ' ಎಂದರೆ ಯಾವುದನ್ನೂ ಅರ್ಪಿಸಿದಂತಾಗುವುದಿಲ್ಲ. ಇವತ್ತಿನ ಬಸ್ಸಿನ ಪ್ರಯಾಣ, ಅತ್ತೆಯ ಆರೈಕೆ, ಲೆಕ್ಕ ಪುಸ್ತಕ ಎಂದು ಹೇಳಬೇಕು. ಎರಡನೆಯದು ಶುಕ್ರವಾರದ ಮಾಂಸತ್ಯಾಗ. 14 ತುಂಬಿದವರಿಗೆ ಅನ್ವಯ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ 18ರಿಂದ 59ರವರೆಗಿನವರಿಗೆ ಉಪವಾಸವೂ ಉಂಟು, ಅಂದರೆ ಒಂದು ಪೂರ್ತಿ ಊಟ, ಎರಡು ಅಲ್ಪಾಹಾರ. ಮೀನು ತಿನ್ನಬಾರದೆಂಬ ನಿಯಮವಿಲ್ಲ. ಕಾರವಾರದಲ್ಲಿ ಕೋಳಿ ಬಿಟ್ಟು ಇಸ್ವಣ ಮೀನು ಹುರಿದರೆ ನಿಯಮ ಪಾಲಿಸಿದ ಹಾಗಾಯಿತು, ತ್ಯಾಗ ಎಲ್ಲಿ ಆಯಿತು? ಈ ಊರಿನವರು ಮೀನು ಬಿಟ್ಟು, ಉಳಿದ ದುಡ್ಡನ್ನು ಎತ್ತಿಟ್ಟು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ.

ಬಲಿಯ ಮಾತು ತಪ್ಪು ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಗಂಡನ ಹೊಡೆತ ತಿನ್ನುವ ಹೆಂಗಸಿಗೆ, ಕೂಲಿ ಸಿಗದ ಆಳಿಗೆ 'ಇದನ್ನು ಯೇಸುವಿನ ಶಿಲುಬೆಯ ಜೊತೆ ಅರ್ಪಿಸು' ಎಂದು ಉಪದೇಶಿಸುವವರಿದ್ದಾರೆ. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಸಿಯುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎನ್ನುತ್ತಾರೆ ಯೇಸು (ಯೊವಾನ್ನ 10:18). ಕಸಿದುಕೊಂಡದ್ದು ಬಲಿಯಾಗದು. ಅಲ್ಲಿ ಬೇಕಾದದ್ದು ರಕ್ಷಣೆ ಮತ್ತು ಬಾಕಿ ಕೂಲಿ, ಮೇಲೆ ಐದನೇ ಒಂದು ಪಾಲು.

ಹಾಗೆಯೇ ಭಾನುವಾರ ಪೂಜೆಗೆ ಬರಬೇಕೆಂಬ ಕಟ್ಟುಪಾಡು ಅಸಾಧ್ಯವನ್ನು ಕೇಳುವುದಿಲ್ಲ. ದಿನಗಟ್ಟಲೆ ಆಳಸಮುದ್ರದಲ್ಲಿರುವ ಬೋಟಿನವರಿಗೆ, ರಾತ್ರಿಪಾಳಿಯ ನರ್ಸಿಗೆ, ಹಾಸಿಗೆ ಹಿಡಿದವರಿಗೆ ಬಾರದಿರುವುದು ಪಾಪವಾಗುವುದಿಲ್ಲ. ಆಗ ಒಬ್ಬರೇ ಆಗಲಿ, ಜೊತೆಗಿದ್ದವರೊಡನೆ ಆಗಲಿ ಆ ದಿನದ ವಾಚನ ಓದಿ ಪ್ರಾರ್ಥಿಸುವುದನ್ನು 1248ನೇ ವಿಧಿ ಸೂಚಿಸುತ್ತದೆ. ಮನೆಯಲ್ಲೇ ಇರುವ ರೋಗಿಗಳಿಗೆ ಪರಮಪ್ರಸಾದ ತಲುಪಿಸಲು ಧರ್ಮಕೇಂದ್ರದ ಕಚೇರಿಯಲ್ಲಿ ಹೆಸರು ಕೊಟ್ಟರಾಯಿತು. ಬರುವ ಹೊತ್ತಿಗೆ ಒಂದು ಮೇಜು, ಬಿಳಿ ಬಟ್ಟೆ, ಮೇಣದಬತ್ತಿ, ನುಂಗಲು ಕಷ್ಟವಿದ್ದರೆ ಒಂದು ಲೋಟ ನೀರು ತಯಾರಿರಲಿ. ಪೂರ್ತಿ ಒಸ್ತಿ ನುಂಗಲಾಗದವರಿಗೆ ಒಂದು ಚೂರೂ ಸಾಕು.